ಬೇಸ್‌ಬಾಲ್ ಆಟದ ಗೋತ್ರವಿಚಾರ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳುವುದುಂಟು. ಈ ಮಾತಿಗೆ ಎರಡು ಅರ್ಥಗಳನ್ನು ಮಾಡಬಹುದು. ಮೂಲವನ್ನು ಕೆದಕಿದರೆ ಮಹಿಮೆಗೆ ಕುಂದು ಬಂದೀತೆಂಬುದು ಒಂದು. ಹುಡುಕುತ್ತ ಹೋದಷ್ಟೂ ಮೂಲವು ಒಂದೆಡೆ ನಿಲ್ಲದೆ ಹತ್ತಾರು ತೊರೆಗಳಾಗಿ ಕವಲೊಡೆದೀತೆಂಬುದು ಇನ್ನೊಂದು. ಲೋಕದಲ್ಲಿ ಮೊದಲನೆಯ ಅರ್ಥವೇ ಪ್ರಚಾರದಲ್ಲಿದ್ದರೂ ಎರಡನೆಯದರಲ್ಲಿ ಸತ್ಯಾಂಶವು ಹೆಚ್ಚೆಂದು ನನಗೆ ತೋರುತ್ತದೆ. ಇದು ನದಿಗೂ ಋಷಿಗೂ ಹೇಗೋ ಹಾಗೆಯೇ ಮಕ್ಕಳ ಆಟಗಳಿಗೂ ಸಲ್ಲುವುದೆಂಬುದು ನನಗೆ ಈಚೆಗೆ ವಿದಿತವಾಯಿತು. ಅದೂ ಕಾವ್ಯ ವ್ಯಾಕರಣಗಳ ವ್ಯಾಸಂಗದಿಂದಲ್ಲ, ಬೇಸ್‌ಬಾಲ್ ಎಂಬ ಪರದೇಶದ ಚೆಂಡಾಟದಿಂದ.

ನಾವಿರುವುದು ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರದಲ್ಲಿ. ನನ್ನ ಮಗಳ ಸಂಸಾರವು ಅಮೆರಿಕ ದೇಶದ ನ್ಯೂ ಜೆರ್ಸಿ ಪ್ರಾಂತದಲ್ಲಿ ನೆಲಸಿದೆ. ಅವಳ ಮಗ, ಹತ್ತು ವರ್ಷದ ಬಾಲಕ, ಆಷಾಢದ ವೇಳೆಗೆ ರಜೆಗೆಂದು ನಮ್ಮಲ್ಲಿಗೆ ಬಂದಿದ್ದನು. ಬರುವಾಗ ತೊಗಲಿನ ದೊಡ್ಡದೊಂದು ಕೈಚೀಲವನ್ನೂ ಬಿಳಿಯ ಚೆಂಡೊಂದನ್ನೂ ತಂದಿದ್ದನು. ಸಂಜೆಯ ಹೊತ್ತು ಖಾಲಿ ನಿವೇಶನದಲ್ಲಿ ಕ್ರಿಕೆಟ್ ಆಡುವ ಹುಡುಗರ ಬಳಿಗೆ ಅವನು ಹೋದಾಗ, ಅಲ್ಲಿ ನಿಂತಿದ್ದ ನಮ್ಮ ನೆರೆಮನೆಯ ವಕೀಲರು, “ಮರೀ, ಅದು ನಿಮ್ಮ ದೇಶದ ಆಟ. ಇಲ್ಲಿರುವಷ್ಟು ದಿನ ನಮ್ಮ ಆಟ ಕಲಿತುಕೋ” ಎಂದರಂತೆ. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ರಾತ್ರಿ ಊಟಕ್ಕೆ ಕುಳಿತಾಗ ಹುಡುಗನು, “ತಾತ, ಅಲ್ಲಿ ಸ್ಕೂಲಲ್ಲಿ ನನ್ನನ್ನು ಇಂಡಿಯಾದವನು ಅಂತಾರೆ. ಇಲ್ಲಿ ಅಮೆರಿಕಾದವನು ಅಂತಾರೆ. ಬೇಸ್‌ಬಾಲ್ ನಿಜವಾಗಿ ಯಾರದು?” ಎಂದು ಕೇಳಿದನು. ಅವನು ಬಾಯಿಬಿಟ್ಟು ಕೇಳಿದುದು ಚೆಂಡಾಟದ ವಿಷಯವನ್ನು ಮಾತ್ರ. ಕೇಳದೆ ಉಳಿಸಿದ್ದ ಇನ್ನೊಂದು ಪ್ರಶ್ನೆಯು ನನಗೂ ಅವನ ಅಜ್ಜಿಗೂ ತಿಳಿಯದೆ ಹೋಗಲಿಲ್ಲ. ವಿಚಾರಿಸಿ ಹೇಳುವೆನೆಂದು ಒಪ್ಪಿಕೊಂಡೆನು. ಆ ವಿಚಾರಣೆಯ ಫಲವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಆಟದ ಸ್ವರೂಪವನ್ನು ತಿಳಿದುಕೊಳ್ಳುವುದು ಯುಕ್ತ. ಚೌಕವಾದೊಂದು ಮಣೆಯನ್ನು ಮೂಲೆಯು ನಮ್ಮ ಕಡೆಗಿರುವಂತೆ ತಿರುಗಿಸಿ ಇಟ್ಟರೆ ಹೇಗೆ ಕಾಣುವುದೋ ಆಟದ ಅಂಗಳವು ಹಾಗಿರುವುದು. ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದರಿಂದ ಮುಂದಿನದಕ್ಕೆ 90 ಅಡಿ. ನಮ್ಮ ಕಡೆಯ ಮೂಲೆಯಲ್ಲಿರುವ ನೆಲೆಗೆ ಅವರು ಹೋಮ್, ಎಂದರೆ ಮನೆ, ಎಂದೇ ಹೆಸರಿಟ್ಟಿದ್ದಾರೆ. ಎರಡು ಪಕ್ಷಗಳು, ಪಕ್ಷವೊಂದಕ್ಕೆ ಒಂಬತ್ತು ಮಂದಿ. ಒಂದು ಪಕ್ಷದವರು ಒಬ್ಬೊಬ್ಬರಾಗಿ ಮನೆಯ ಬಳಿ ಉರುಟಾದ ದಾಂಡನ್ನು ಹಿಡಿದು ನಿಲ್ಲುವರು. ಎದುರು ಪಕ್ಷದ ಎಸೆಗಾರನು ಅಂಗಳದ ನಡುವಣ ದಿಬ್ಬದ ಮೇಲಿಂದ, 60 ಅಡಿ 6 ಅಂಗುಲ ದೂರದಿಂದ, ಚೆಂಡನ್ನು ಎಸೆಯುವನು. ಈ ಚೆಂಡು ಕ್ರಿಕೆಟ್ಟಿನದರಂತೆ ನೆಲಕ್ಕೆ ತಗುಲಿ ಪುಟಿದು ಬರುವುದಿಲ್ಲ, ನೇರವಾಗಿ ಗಾಳಿಯಲ್ಲಿಯೇ ಬರುವುದು.

ಎಸೆತವು ಮನೆಯ ಮೇಲುಗಡೆ, ದಾಂಡಿಗನ ಮಂಡಿಗೂ ಎದೆಗೂ ನಡುವಣ ಎತ್ತರದಲ್ಲಿ ಹಾದುಹೋದರೆ ಸರಿಯಾದ ಎಸೆತ. ಅಂತಹುದನ್ನು ಹೊಡೆಯದೆ ಬಿಟ್ಟರೂ, ಯಾವುದೇ ಎಸೆತಕ್ಕೆ ಬೀಸಿ ತಪ್ಪಿದರೂ ಒಂದು ಸ್ಟ್ರೈಕ್ ಎಂದು ಎಣಿಸುವರು. ಮೂರಾದರೆ ದಾಂಡಿಗನು ಔಟು. ಎಸೆಗಾರನೇ ಮೇರೆ ಮೀರಿ ಎಸೆದು ದಾಂಡಿಗನು ಬೀಸದೆ ಸುಮ್ಮನಿದ್ದರೆ ಅದಕ್ಕೆ ಬಾಲ್ ಎಂಬ ಎಣಿಕೆ. ಅಂತಹವು ನಾಲ್ಕಾದರೆ ದಾಂಡಿಗನು ನಡೆದುಕೊಂಡೇ ಮೊದಲನೆಯ ನೆಲೆಗೆ ಹೋಗಬಹುದು. ಹೊಡೆದ ಚೆಂಡು ಮನೆಯಿಂದ ಎಡಬಲಗಳಿಗೆ ಚಾಚಿದ ಎರಡು ಗೆರೆಗಳ ನಡುವೆಯೇ ಬೀಳಬೇಕು. ಬಿದ್ದಿತೋ, ದಾಂಡನ್ನು ಅಲ್ಲಿಯೇ ಎಸೆದು ಓಡತಕ್ಕದ್ದು. ಕ್ರಿಕೆಟ್ಟಿನಲ್ಲಿರುವಂತೆ ಹೊಡೆದು ನಿಂತಿರುವ ಸ್ವಾತಂತ್ರ್ಯವು ಇಲ್ಲಿಲ್ಲ. ಚೆಂಡನ್ನು ನೆಲಕ್ಕೆ ಬೀಳುವ ಮುನ್ನ ಹಿಡಿದರೆ ಔಟು. ಅವನು ಮೊದಲನೆಯ ನೆಲೆಯನ್ನು ಮುಟ್ಟುವ ಮುನ್ನ ಚೆಂಡು ಅಲ್ಲಿಗೆ ಬಂದರೆ ಔಟು. ನೆಲೆಗಳ ನಡುವೆ ಇರುವಾಗ ಚೆಂಡು ಹಿಡಿದ ಕೈಯಿಂದ ಮುಟ್ಟಿದರೂ ಔಟು. ಮೂರು ಮಂದಿ ಔಟಾದರೆ ಪಕ್ಷಗಳು ಅದಲುಬದಲಾಗುವುವು. ಇಂತಹ ಸರದಿಗಳು ಪಕ್ಷಕ್ಕೆ ಒಂಬತ್ತು. ಒಂಬತ್ತಾದರೂ ಸಮವಾಗಿದ್ದರೆ ಒಬ್ಬರು ಗೆಲ್ಲುವವರೆಗೆ ಹೆಚ್ಚಿನ ಸರದಿಗಳು ನಡೆಯುವುವು.

ಅಂಕದ ವಿಷಯದಲ್ಲಿ ಒಂದು ವಿಶೇಷವುಂಟು. ಮನೆಯಿಂದ ಹೊರಟವನು ಒಂದು, ಎರಡು, ಮೂರನೆಯ ನೆಲೆಗಳನ್ನು ಕ್ರಮವಾಗಿ ಮುಟ್ಟಿ ಮರಳಿ ಮನೆಯನ್ನು ಸೇರಿದರೆ ಮಾತ್ರ ಒಂದು ಓಟ. ಮೂರನೆಯ ನೆಲೆಯವರೆಗೆ ಬಂದು ಅಲ್ಲಿಯೇ ಉಳಿದವನ ಲೆಕ್ಕವು ಸೊನ್ನೆಯೇ. ಇನ್ನೊಂದು ನಿಯಮವು ಗೃಹಸ್ಥರಿಗೆ ಪ್ರಿಯವಾಗತಕ್ಕದ್ದು. ಕೆಲವೊಮ್ಮೆ ದಾಂಡಿಗನು ತಾನು ಔಟಾಗುವುದನ್ನು ಬಲ್ಲವನಾಗಿಯೇ ಚೆಂಡನ್ನು ಮೆಲ್ಲನೆ ತಟ್ಟಿ, ಮುಂದಿನ ನೆಲೆಯಲ್ಲಿರುವ ತನ್ನ ಪಕ್ಷದವನಿಗೆ ಇನ್ನೊಂದು ನೆಲೆ ಮುಂದುವರಿಯಲು ಎಡೆಮಾಡಿಕೊಡುವನು. ಇದಕ್ಕೆ ತ್ಯಾಗವೆಂದೇ ಅವರ ಭಾಷೆಯಲ್ಲಿ ಹೆಸರು. ಹೀಗೆ ಔಟಾದ ಸರದಿಯನ್ನು ದಾಂಡಿಗನ ವೈಫಲ್ಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಮಂದಿ ತಾಯಂದಿರ, ಹಿರಿಯ ಮಕ್ಕಳ ಬಾಳು ಇಂತಹ ಸರದಿಯಲ್ಲಿಯೇ ಕಳೆದುಹೋಗಿಲ್ಲ! ಅದನ್ನು ಬರೆದಿಡುವ ಪುಸ್ತಕವು ಮಾತ್ರ ನಮ್ಮಲ್ಲಿಲ್ಲ.

ಇನ್ನು ಆಟದ ಹುಟ್ಟು. 1744ರಲ್ಲಿ ಜಾನ್ ನ್ಯೂಬೆರಿ ಎಂಬ ಪ್ರಕಾಶಕನು ಲಂಡನ್ನಿನಲ್ಲಿ ಅಚ್ಚುಹಾಕಿಸಿದ ಮಕ್ಕಳ ಪುಸ್ತಕವೊಂದರಲ್ಲಿ ಬೇಸ್‌ಬಾಲ್ ಎಂಬ ಶಬ್ದವೇ ಚಿತ್ರಸಹಿತವಾಗಿ ಬಂದಿದೆ. 1796ರಲ್ಲಿ ಗುಟ್ಸ್‌ಮುಟ್ಸ್ ಎಂಬ ಜರ್ಮನಿಯ ಉಪಾಧ್ಯಾಯನು ಆಟಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ಇಂಗ್ಲಿಷರ ಆಟವೆಂದು ಕರೆದು ಅದರ ನಿಯಮಗಳನ್ನು ವಿವರಿಸಿದನು. ಆಂಗ್ಲ ಕಾದಂಬರಿಕಾರ್ತಿ ಜೇನ್ ಆಸ್ಟೆನ್ನಳ ನಾರ್ಥ್ಯಾಂಗರ್ ಆಬಿ ಎಂಬ ಕಾದಂಬರಿಯ ನಾಯಿಕೆಯು ಬಾಲ್ಯದಲ್ಲಿ ಪುಸ್ತಕಗಳಿಗಿಂತ ಕ್ರಿಕೆಟ್ಟನ್ನೂ ಬೇಸ್‌ಬಾಲನ್ನೂ ಮೆಚ್ಚಿದ್ದಳೆಂದು ಬರುತ್ತದೆ. ಅಂದಮೇಲೆ ಅಲ್ಲಿನ ಹುಡುಗಿಯರೂ ಇದನ್ನು ಆಡುತ್ತಿದ್ದರೆಂಬುದು ಸ್ಪಷ್ಟ. ವಲಸೆ ಹೋದವರೊಡನೆ ಆಟವೂ ಕಡಲು ದಾಟಿತು. ಅಮೆರಿಕದ ಪಿಟ್ಸ್‌ಫೀಲ್ಡ್ ಎಂಬ ಊರಿನವರು 1791ರಲ್ಲಿ, ಹೊಸದಾಗಿ ಕಟ್ಟಿದ ಸಭಾಮಂದಿರದ ಕಿಟಕಿಗಳನ್ನು ಕಾಪಾಡುವುದಕ್ಕಾಗಿ, ಅದರಿಂದ 80 ಗಜಗಳ ಒಳಗೆ ಬೇಸ್‌ಬಾಲ್ ಮೊದಲಾದ ಆಟಗಳನ್ನು ಆಡಕೂಡದೆಂದು ಕಟ್ಟಳೆ ಮಾಡಿದರು. ನಮ್ಮ ಬಡಾವಣೆಯ ಹಿರಿಯರೂ ಇಂತಹ ಕಟ್ಟಳೆಯನ್ನು ವಾರಕ್ಕೊಮ್ಮೆ ಬಾಯಿಮಾತಿನಲ್ಲಿ ಮಾಡುತ್ತಿರುವರು. ಕಿಟಕಿಯ ಗಾಜಿಗೂ ಮಕ್ಕಳ ಚೆಂಡಿಗೂ ಇರುವ ವೈರವು ದೇಶಕಾಲಗಳನ್ನು ಮೀರಿದ್ದು.

ಹಳ್ಳಿಗೊಂದು ಬಗೆಯಾಗಿ ನಡೆಯುತ್ತಿದ್ದ ಈ ಆಟಕ್ಕೆ ನ್ಯೂಯಾರ್ಕ್ ಪಟ್ಟಣದ ನಿಕರ್‌ಬಾಕರ್ ಎಂಬ ಸಂಘದವರು 1845ರಲ್ಲಿ ನಿಯಮಗಳನ್ನು ಬರೆದಿಟ್ಟರು. ಅದಕ್ಕೆ ಮುಂಚೆ ಓಡುವವನ ಮೈಗೆ ಚೆಂಡಿನಿಂದ ಹೊಡೆದು ಅವನನ್ನು ಔಟು ಮಾಡುವ ಪದ್ಧತಿಯಿತ್ತು. ನಮ್ಮ ಲಗೋರಿಯಲ್ಲಿ ಬೆನ್ನಿಗೆ ಏಟು ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಕರ್‌ಬಾಕರಿನವರು ಅದನ್ನು ನಿಷೇಧಿಸಿದರು. ಆದುದರಿಂದಲೇ ಗಟ್ಟಿಯಾದ ಚೆಂಡನ್ನು ಬಳಸುವುದು ಸಾಧ್ಯವಾಯಿತು. ಅವರ ನಿಯಮದಂತೆ ಒಮ್ಮೆ ನೆಲಕ್ಕೆ ಪುಟಿದ ಚೆಂಡನ್ನು ಹಿಡಿದರೂ ಔಟೇ. ಆ ನಿಯಮವನ್ನು 1860ರ ದಶಕದ ನಡುವಿನಲ್ಲಿ ಅಲ್ಲಿ ಕೈಬಿಟ್ಟರು. ಬೆಂಗಳೂರಿನ ಗಲ್ಲಿಗಳ ಕ್ರಿಕೆಟ್ಟಿನಲ್ಲಿ ಅದು ಒನ್ ಪಿಚ್ ಕ್ಯಾಚ್ ಎಂಬ ಹೆಸರಿನಿಂದ ಇಂದಿಗೂ ಜೀವಂತವಾಗಿದೆ. ಈ ನಿಯಮಗಳಿಗನುಸಾರವಾಗಿ ನಡೆದ ಪ್ರಸಿದ್ಧವಾದೊಂದು ಪಂದ್ಯವು 1846ರ ಜೂನ್ 19ರಂದು ಹೊಬೋಕನ್ ಎಂಬಲ್ಲಿ ಆಯಿತು. ನಿಯಮ ಬರೆದ ಸಂಘದವರೇ ಅದರಲ್ಲಿ 23ಕ್ಕೆ 1ರಂತೆ ಸೋತರು. ಶಾಸ್ತ್ರ ಬರೆದವರಿಗೆ ಪ್ರಯೋಗದಲ್ಲಿ ಸೋಲಾಗುವುದು ನಮ್ಮ ಪಂಡಿತವರ್ಗಕ್ಕೆ ಹೊಸತಲ್ಲ! ಈ ಹೊಬೋಕನ್ ಇರುವುದು ನನ್ನ ಮೊಮ್ಮಗನಿರುವ ನ್ಯೂ ಜೆರ್ಸಿಯಲ್ಲಿಯೇ. 90 ಅಡಿಯ ಅಂತರ, ಒಂಬತ್ತು ಸರದಿ, ಇವು ನಿಯತವಾದುದು ಹಲವು ಸಂಘಗಳು ಕೂಡಿ ನಡೆಸಿದ 1857ರ ಸಮ್ಮೇಳನದಲ್ಲಿ.

ಇಷ್ಟು ಸರಳವಾದ ವೃತ್ತಾಂತವು ಅಮೆರಿಕದವರಿಗೆ ರುಚಿಸಲಿಲ್ಲ. ತಮ್ಮ ರಾಷ್ಟ್ರದ ಆಟವು ಇಂಗ್ಲೆಂಡಿನ ಮಕ್ಕಳಾಟದಿಂದ ಬಂದುದೆಂದರೆ ಮಾನಹಾನಿಯೆಂದು ಬಗೆದರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹೆನ್ರಿ ಚಾಡ್ವಿಕ್ ಎಂಬ ಪತ್ರಿಕಾಕರ್ತನು ಇದು ತನ್ನ ಬಾಲ್ಯದ ರೌಂಡರ್ಸ್ ಆಟದ ಸಂತತಿಯೆಂದು ಬರೆದನು. ಆಟದ ಸಾಮಾನುಗಳ ದೊಡ್ಡ ವರ್ತಕನಾದ ಆಲ್ಬರ್ಟ್ ಸ್ಪಾಲ್ಡಿಂಗನು ಅದನ್ನು ಒಪ್ಪದೆ, 1905ರಲ್ಲಿ ಒಂದು ವಿಚಾರಣಾ ಸಮಿತಿಯನ್ನು ಏರ್ಪಡಿಸಿದನು. ಡೆನ್ವರಿನ ವೃದ್ಧನೊಬ್ಬನು ಕಾಗದ ಬರೆದು, ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತನು ಈ ಆಟವನ್ನು ನಿರ್ಮಿಸಿದನೆಂದು ಸಾಕ್ಷ್ಯ ಕೊಟ್ಟನು. ಅದು ನಡೆದುದೆಂದು ಸಮಿತಿಯು ನಿರ್ಧರಿಸಿದ ವರ್ಷ 1839. ಆಗ ಸಾಕ್ಷಿಗೆ ವಯಸ್ಸು ಐದು! ಸಮಿತಿಯು 1907ರ ಕೊನೆಯಲ್ಲಿ ಅದನ್ನೇ ತೀರ್ಮಾನವಾಗಿ ಒಪ್ಪಿತು. ಡಬಲ್‌ಡೇ ಮುಂದೆ ಸೇನಾಪತಿಯಾದ ಗೌರವಸ್ಥನು. 1839ರಲ್ಲಿ ಅವನು ವೆಸ್ಟ್ ಪಾಯಿಂಟಿನ ಸೈನ್ಯಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದನು. 1893ರಲ್ಲಿ ಮರಣ ಹೊಂದುವವರೆಗೆ ಈ ಆಟವನ್ನು ತಾನು ಸೃಷ್ಟಿಸಿದೆನೆಂದು ಅವನು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಆದರೂ 1939ರಲ್ಲಿ ಶತಮಾನೋತ್ಸವವೆಂದು ಕೂಪರ್ಸ್‌ಟೌನಿನಲ್ಲಿ ಆಟದ ಕೀರ್ತಿಮಂದಿರವನ್ನು ತೆರೆದರು. ಇತಿಹಾಸಜ್ಞರು ಈ ಕಥೆಯನ್ನು ನಿರಾಕರಿಸಿದಾಗ, ಜನರು ನಿಕರ್‌ಬಾಕರ್ ಸಂಘದ ಅಲೆಕ್ಸಾಂಡರ್ ಕಾರ್ಟ್‌ರೈಟ್ ಎಂಬಾತನನ್ನು ಪಿತೃಸ್ಥಾನಕ್ಕೆ ಏರಿಸಿದರು. 1857ರ ಸಮ್ಮೇಳನದಲ್ಲಿ ಆದ ತೀರ್ಮಾನಗಳನ್ನು ಸಹ ಅವನ ಹೆಸರಿಗೇ ಬರೆದು ಫಲಕವನ್ನು ಕೆತ್ತಿಸಿದರು. ಒಬ್ಬ ಕಲ್ಪಿತ ಜನಕನು ಹೋದರೆ ಇನ್ನೊಬ್ಬನನ್ನು ತಂದು ಕೂರಿಸಬೇಕೆಂಬುದು ಮನುಷ್ಯಸ್ವಭಾವ.

ಈ ಡಬಲ್‌ಡೇಯ ವಿಷಯದಲ್ಲಿ ವಿಚಿತ್ರವಾದ ಸಂಗತಿಯೊಂದುಂಟು. ಥಿಯಸಾಫಿಕಲ್ ಸೊಸೈಟಿಯನ್ನು ಸ್ಥಾಪಿಸಿದ ಬ್ಲಾವಟ್‌ಸ್ಕಿ, ಆಲ್ಕಾಟ್ ಇವರು 1879ರಲ್ಲಿ ಮುಂಬಯಿಗೆ ಬಂದಾಗ, ಅಮೆರಿಕದಲ್ಲಿ ಆ ಸಮಾಜದ ಅಧ್ಯಕ್ಷಭಾರವನ್ನು ತಾತ್ಕಾಲಿಕವಾಗಿ ವಹಿಸಿದವನು ಇದೇ ಡಬಲ್‌ಡೇ. ಇದನ್ನು ನಾನು ವಕೀಲರಿಗೆ ಹೇಳಿದೆನು. ಅವರು ಹಿಗ್ಗಿ, “ಮೇಷ್ಟರೇ, ಸಾಕ್ಷಿ ಸಿಕ್ಕಿತಲ್ಲ! ನಮ್ಮ ಗ್ರಂಥಗಳನ್ನು ಓದಿದವರು ಅವರು. ಆಟವೂ ಇಲ್ಲಿಂದಲೇ ಹೋಗಿರಬೇಕು. ನಿಮ್ಮ ಸಂಸ್ಕೃತದಲ್ಲಿ ಒಂದು ಆಧಾರ ಹುಡುಕಿ ಕೊಡಿ, ಹುಡುಗನಿಗೂ ಸಮಾಧಾನವಾದೀತು” ಎಂದರು.

ಆಧಾರವೆಂದು ತೋರಿಸಬಹುದಾದವು ಇಲ್ಲದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿದ್ದ ವೀಟಾ ಎಂಬುದು ಬಾವಿಯಲ್ಲಿ ಬಿದ್ದಿತೆಂದೂ, ದ್ರೋಣಾಚಾರ್ಯನು ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನಾಟಿಸಿ ಅದನ್ನು ಮೇಲೆತ್ತಿದನೆಂದೂ ಕಥೆಯಿದೆ. ಕೋಶಕಾರರು ವೀಟೆಯನ್ನು ಯವದ ಕಾಳಿನ ಆಕಾರದ ಗೇಣುದ್ದದ ಮರದ ತುಂಡೆಂದೂ, ಅದನ್ನು ಕೋಲಿನಿಂದ ಹೊಡೆದು ಆಡುತ್ತಿದ್ದರೆಂದೂ ವಿವರಿಸಿದ್ದಾರೆ. ನಮ್ಮ ಚಿನ್ನಿದಾಂಡು ಇದರ ಸಮೀಪದ ಬಂಧು. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿ ಎಂಬ ರಾಜಕುಮಾರಿಯ ಚೆಂಡಾಟದ ವರ್ಣನೆಯು ಮನೋಹರವಾಗಿದೆ. ಇವೆರಡನ್ನೂ ಕೂಡಿಸಿ, ದಾಂಡು ಅಲ್ಲಿಂದ, ಚೆಂಡು ಇಲ್ಲಿಂದ ಎಂದು ಲೇಖನವೊಂದನ್ನು ಬರೆದುಬಿಡುವುದು ನನ್ನಂತಹವನಿಗೆ ಒಂದು ಮಧ್ಯಾಹ್ನದ ಕೆಲಸ. ಆದರೆ ಕೋಲನ್ನೂ ಚೆಂಡನ್ನೂ ಕಂಡ ಮಕ್ಕಳು ಎಲ್ಲ ದೇಶಗಳಲ್ಲಿಯೂ ಅವನ್ನು ಕೂಡಿಸಿ ಆಡಿದ್ದಾರೆ. ಸಾದೃಶ್ಯವು ಬೇರೆ, ಸಂತತಿಯು ಬೇರೆ. ಐದು ವರ್ಷದ ಬಾಲಕನ ನೆನಪನ್ನು ನಂಬಿದ ಸಮಿತಿಯನ್ನು ನೋಡಿ ನಗುವ ನಾವು ಅದೇ ಕೆಲಸವನ್ನು ಶ್ಲೋಕದ ಬಲದಿಂದ ಮಾಡಬಾರದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವನು, ಆ ಭಾಷೆಯನ್ನೇ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಲು ಹೇಗೆ ಒಪ್ಪಿಯಾನು? ವಕೀಲರಿಗೆ ನಾನು ಇಲ್ಲವೆಂದೆನು.

ಅವರು ನಮ್ಮದೆಂದ ಕ್ರಿಕೆಟ್ಟೂ ಇಂಗ್ಲೆಂಡಿನಿಂದ ಬಂದುದೇ. ವಿಶ್ವನಾಥ್, ಕುಂಬ್ಳೆ, ದ್ರಾವಿಡ್ ಇವರ ಹೆಸರುಗಳನ್ನು ಮನೆಮಂದಿಯ ಹೆಸರುಗಳಂತೆ ನುಡಿಯುವ ಬೆಂಗಳೂರಿನಲ್ಲಿ ಈಗ ಆ ಆಟದ ಗೋತ್ರವನ್ನು ಕೇಳುವವರಾರು? ಜಪಾನು ದೇಶದಲ್ಲಿ ಬೇಸ್‌ಬಾಲಿಗೂ ಇದೇ ಗತಿಯಾಯಿತು. 1872ರ ಸುಮಾರಿಗೆ ಟೋಕಿಯೊವಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಉಪಾಧ್ಯಾಯನು ಅದನ್ನು ಶಿಷ್ಯರಿಗೆ ಕಲಿಸಿದನು. ಹೈಕು ಕವಿಯಾದ ಮಸಾವೊಕ ಶಿಕಿ ಆ ಆಟದಲ್ಲಿ ಮನಸೋತು ದಾಂಡಿಗ, ಓಟಗಾರ ಮೊದಲಾದುವಕ್ಕೆ ಸ್ವಭಾಷೆಯ ಶಬ್ದಗಳನ್ನು ಕೊಟ್ಟನು. 2006ರಲ್ಲಿ ನಡೆದ ಮೊದಲನೆಯ ವಿಶ್ವ ಬೇಸ್‌ಬಾಲ್ ಸ್ಪರ್ಧೆಯನ್ನು ಗೆದ್ದವರು ಜಪಾನೀಯರೇ. ನಮ್ಮ ಬಡಾವಣೆಯ ಸಮೀಪದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1940ರಲ್ಲಿ ಸ್ಥಾಪಿತವಾಗಿ, 1943ರಿಂದ ಯುದ್ಧವು ಮುಗಿಯುವವರೆಗೆ ಅಮೆರಿಕದ ವಾಯುಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ಡಿಪೋ ಆಗಿದ್ದಿತು. ಆ ಜನರು ಇಲ್ಲಿಯೇ ಇದ್ದು ಹೋದರೂ ಅವರ ಆಟವು ಇಲ್ಲಿ ಬೇರೂರಲಿಲ್ಲ. ಉಪಾಧ್ಯಾಯನೊಬ್ಬನು ಕಲಿಸಿ ಮಕ್ಕಳು ಮನಸಾರೆ ಆಡಿದಲ್ಲಿ ಆಟವು ನಿಲ್ಲುವುದು. ಬರಿಯ ಸಾಮೀಪ್ಯದಿಂದ ನಿಲ್ಲದು.

ಆಟವು ತಮ್ಮದೆಂದು ಹೆಮ್ಮೆಪಟ್ಟವರ ನಡತೆಯನ್ನೂ ನೋಡಬೇಕು. ತಮ್ಮ ದೇಶದಲ್ಲಿಯೇ ಹುಟ್ಟಿದ ಕಪ್ಪು ಜನರನ್ನು ಅಮೆರಿಕದ ದೊಡ್ಡ ಪಂದ್ಯಗಳಿಂದ ಆರು ದಶಕಗಳಷ್ಟು ಕಾಲ ಹೊರಗಿಟ್ಟರು. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್‌ಸನ್ ಎಂಬ ವೀರನು ಬ್ರೂಕ್ಲಿನ್ ಪಕ್ಷದ ಪರವಾಗಿ ಅಂಗಳಕ್ಕೆ ಇಳಿದಂದು ಆ ಬಾಗಿಲು ತೆರೆಯಿತು. ನಿಂದೆಯನ್ನೂ ಬೆದರಿಕೆಯನ್ನೂ ಸಹಿಸಿ ಅವನು ಆಡಿದನು. ಅವನ ಅಂಗಿಯ ಮೇಲಿದ್ದ 42 ಎಂಬ ಸಂಖ್ಯೆಯನ್ನು 1997ರಲ್ಲಿ ಎಲ್ಲ ಪಕ್ಷಗಳವರೂ ಅವನ ಗೌರವಾರ್ಥವಾಗಿ ತೆಗೆದಿರಿಸಿದರು. ಈಗ ವರ್ಷಕ್ಕೊಮ್ಮೆ ಅದೇ ದಿನ ಆಟಗಾರರೆಲ್ಲರೂ ಅದೇ ಸಂಖ್ಯೆಯನ್ನು ತೊಡುವರು. ಆಟವು ಯಾರದೆಂಬ ಪ್ರಶ್ನೆಗೆ ಸಮಿತಿಯ ತೀರ್ಮಾನಕ್ಕಿಂತಲೂ ಯೋಗ್ಯವಾದ ಉತ್ತರವನ್ನು ಕೊಟ್ಟವನು ರಾಬಿನ್‌ಸನ್ನನೇ ಎಂದು ನನ್ನ ಅಭಿಪ್ರಾಯ.

ಮೊಮ್ಮಗನಿಗೆ ನಾನು ಇದಿಷ್ಟನ್ನೂ ನಾಲ್ಕಾರು ರಾತ್ರಿಗಳಲ್ಲಿ ಕಥೆಯಂತೆ ಹೇಳಿದೆನು. ಕೊನೆಗೆ, “ಇಂಗ್ಲೆಂಡಿನಲ್ಲಿ ಹುಟ್ಟಿತು, ನಿಮ್ಮ ಊರಿನ ಕಡೆ ಬೆಳೆಯಿತು, ಜಪಾನಿನವರು ತಮ್ಮದು ಮಾಡಿಕೊಂಡರು. ಕಟ್ಟುಪಾಡು ಅರಿತು ಪ್ರೀತಿಯಿಂದ ಆಡುವವರದೆಲ್ಲ ಆ ಆಟವೇ, ಮಗು” ಎಂದೆನು. ಅವನು ತುಸು ಹೊತ್ತು ಯೋಚಿಸಿ, “ಹಾಗಾದರೆ ಅದಕ್ಕೆ ಎರಡು ಊರು ಇರಬಹುದಾ, ತಾತ?” ಎಂದನು. ಇರಬಹುದೆಂದೆನು. ಮರುದಿನ ನಿವೇಶನದಲ್ಲಿ ನಾಲ್ಕು ಇಟ್ಟಿಗೆಗಳು ನೆಲೆಗಳಾದುವು. 90 ಅಡಿಗೆ ಅಲ್ಲಿ ಸ್ಥಳವೆಲ್ಲಿಯದು? ಮೂವತ್ತು ಹೆಜ್ಜೆಗೆ ತೃಪ್ತಿಪಟ್ಟರು. ಕ್ರಿಕೆಟ್ ಬ್ಯಾಟೇ ದಾಂಡಾಯಿತು, ರಬ್ಬರಿನ ಚೆಂಡೇ ಚೆಂಡಾಯಿತು. ಒನ್ ಪಿಚ್ ಕ್ಯಾಚ್ ಔಟೆಂದು ನಮ್ಮ ಹುಡುಗರು ಹಟ ಹಿಡಿದರು, ಅವನು ಒಪ್ಪಿದನು. ಅವರಿಗೆ ತಿಳಿಯದೆಯೇ 1845ರ ನಿಯಮವು ಸಿ.ವಿ. ರಾಮನ್ ನಗರದಲ್ಲಿ ಮತ್ತೆ ಜಾರಿಗೆ ಬಂದಿತು. ತೀರ್ಪುಗಾರರಾಗಿ ನಿಂತವರು ವಕೀಲರು.

ಕಡಲಾಚೆ ಸಂಸಾರ ಹೂಡಿದ ಮಕ್ಕಳುಳ್ಳ ಮನೆಗಳು ಈಗ ನಮ್ಮಲ್ಲಿ ಅನೇಕವಾಗಿವೆ. ರಜೆಗೆ ಬಂದ ಮೊಮ್ಮಕ್ಕಳನ್ನು ಕೂರಿಸಿಕೊಂಡು, ನೀನು ನಮ್ಮವನೋ ಅವರವನೋ ಎಂದು ನಗುನಗುತ್ತಲೇ ಕೇಳುವುದು ನಮಗೆ ಅಭ್ಯಾಸವಾಗಿದೆ. ನಮಗೆ ಅದು ವಿನೋದ. ಮಗುವಿಗೆ ಅದು ಉತ್ತರವಿಲ್ಲದ ಲೆಕ್ಕ. ವಂಶದ ಹಿರಿಮೆಯನ್ನು ಹೇಳಬಾರದೆಂದು ನಾನು ಹೇಳೆನು. ಇದ್ದುದನ್ನು ಇದ್ದಂತೆ ಹೇಳಿದರೆ ಅದು ಮಗುವಿಗೆ ಬಲ. ಇಲ್ಲದ ಮೂಲವನ್ನು ಕಟ್ಟಿಕೊಟ್ಟರೆ, ಆ ಮಗುವು ಬೆಳೆದು ವಿಚಾರಿಸುವ ದಿನ ಇದ್ದ ಮೂಲದ ಮೇಲೆಯೂ ನಂಬಿಕೆಯನ್ನು ಕಳೆದುಕೊಳ್ಳುವುದು. ಭಾಷೆಯನ್ನು ಕಲಿಸೋಣ, ಕಥೆಗಳನ್ನು ಹೇಳೋಣ, ಅವರು ತಂದ ಆಟವನ್ನು ಅಂಗಳದಲ್ಲಿ ಆಡಗೊಡೋಣ. ಕಿಟಕಿಯ ಗಾಜೊಂದು ಒಡೆದರೆ ಹಾಕಿಸಿಕೊಳ್ಳಬಹುದು.